ಮುಷ್ಕರವೂ ಅಕ್ಕಿಯ ಡಬ್ಬವೂ

ನಮ್ಮ ಬಡಾವಣೆಯ ಉದ್ಯಾನದಲ್ಲಿ ಒಂದು ಕಲ್ಲುಬೆಂಚಿದೆ. ಬೆಳಗಿನ ಏಳರಿಂದ ಎಂಟರವರೆಗೆ ಅಲ್ಲಿ ಒಂದು ನ್ಯಾಯಸ್ಥಾನ ಕೂಡುತ್ತದೆ. ಅಲ್ಲಿ ವಕೀಲರಿಲ್ಲ, ಸಾಕ್ಷಿಗಳಿಲ್ಲ, ಆಪಾದಿತನಂತೂ ಆ ಹೊತ್ತಿಗೆ ಎಲ್ಲೋ ದುಡಿಯುತ್ತಿರುತ್ತಾನೆ. ತೀರ್ಪು ಮಾತ್ರ ದಿನವೂ ತಪ್ಪದೆ ಹೊರಬೀಳುತ್ತದೆ. 2025ರ ಆಗಸ್ಟ್ 5ರ ಬೆಳಗ್ಗೆ ಅಲ್ಲಿ ವಿಚಾರಣೆಗೆ ಬಂದವರು ನಮ್ಮ ರಾಜ್ಯದ ಸಾರಿಗೆ ನೌಕರರು. 38 ತಿಂಗಳ ಹಿಂಬಾಕಿ ಕೊಡಿ, ವೇತನ ಪರಿಷ್ಕರಿಸಿ ಎಂದು ಅಂದು ಅವರು ಮುಷ್ಕರ ಹೂಡಿದ್ದರು. ಉಚ್ಚ ನ್ಯಾಯಾಲಯದ ಆದೇಶದ ಮೇಲೆ ಅದು ಅದೇ ದಿನ ನಿಂತುಹೋಯಿತು. ಆದರೆ ನಮ್ಮ ಬೆಂಚಿನ ನ್ಯಾಯಾಲಯ ಅಷ್ಟು ಹೊತ್ತು ಕಾಯಲಿಲ್ಲ.

"ಹೆಂಡತಿ ಮಕ್ಕಳಿರುವವರು ಮಾಡುವ ಕೆಲಸವೇನ್ರೀ ಇದು? ಮೊದಲು ಮನೆಯ ಅಕ್ಕಿಯ ಡಬ್ಬ ನೋಡಿಕೊಳ್ಳಬೇಕು, ಬಾವುಟ ಗೀವುಟ ಆಮೇಲೆ" ಎಂದರು ನಮ್ಮ ಗೆಳೆಯರೊಬ್ಬರು. ಕೇಂದ್ರ ಸರ್ಕಾರದ ಕಛೇರಿಯೊಂದರಿಂದ ನಿವೃತ್ತರಾದವರು, ಸಜ್ಜನರು, ಯಾರಿಗೂ ಕೇಡು ಬಯಸಿದವರಲ್ಲ. ಉಳಿದವರೆಲ್ಲ ತಲೆದೂಗಿದರು. ನಾನೂ ದೂಗಿದೆನೆಂದೇ ತೋರುತ್ತದೆ. ಆಡಬೇಕಾದ ಮಾತು ನನಗೆ ಹೊಳೆಯುವುದು ಯಾವಾಗಲೂ ಮನೆಗೆ ಹಿಂತಿರುಗುವ ದಾರಿಯಲ್ಲಿ. ಅಂದೂ ಹಾಗೆಯೇ ಆಯಿತು. ಅಂದಿನಿಂದ ಅದು ಗಂಟಲಲ್ಲಿಯೇ ಉಳಿದುಕೊಂಡಿದೆ. ಇನ್ನು ಬರೆದೇ ತೀರಿಸಬೇಕು.

'ಮೊದಲು ಅಕ್ಕಿಯ ಡಬ್ಬ' ಎಂಬ ಈ ಬುದ್ಧಿವಾದ ಕೇಳುವುದಕ್ಕೆ ಕರುಣೆಯ ಹಾಗಿದೆ. ಯಾರು ತಾನೆ ಬೇಡವೆನ್ನುತ್ತಾರೆ? ಆದರೆ ಇದನ್ನು ಹೇಳುವವರನ್ನು ಸ್ವಲ್ಪ ಗಮನಿಸಿ. ಅವರ ಡಬ್ಬ ತುಂಬಿರುತ್ತದೆ. ತುಂಬಿಸಿದವರು ಯಾರು ಎಂಬುದು ಅವರಿಗೆ ಮರೆತಿರುತ್ತದೆ. ನಮ್ಮ ಗೆಳೆಯರಿಗೆ ವರ್ಷಕ್ಕೆ ಎರಡು ಬಾರಿ, ಜನವರಿಗೊಮ್ಮೆ ಜುಲೈಗೊಮ್ಮೆ, ಬೆಲೆ ಏರಿದ ಲೆಕ್ಕ ಹಿಡಿದು ಪಿಂಚಣಿಯ ಮೇಲಿನ ಭತ್ಯೆ ಏರುತ್ತದೆ. ಬೆಲೆಯ ಸೂಚ್ಯಂಕಕ್ಕೂ ಭತ್ಯೆಗೂ ಗಂಟು ಹಾಕಿರೆಂದು ಕೇಳಿ 1960ರ ಜುಲೈಯಲ್ಲಿ ಕೇಂದ್ರ ಸರ್ಕಾರದ ನೌಕರರು ಮುಷ್ಕರ ಹೂಡಿದ್ದರು. ಅದು ಐದು ದಿನಕ್ಕೆ ಮುರಿದುಬಿತ್ತು. ಸಾವಿರಾರು ಮಂದಿ ಸೆರೆಮನೆಗೆ ಹೋದರು. ಕೆಲಸದಿಂದ ಅಮಾನತಾದವರೂ ಬಹಳ ಮಂದಿ. ಕೇಳಿದ್ದು ಆಗ ಸಿಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಮೆಲ್ಲಮೆಲ್ಲನೆ ಸಿಕ್ಕಿತು, ಯಾರೂ ಕೇಳದೆಯೇ ಬಂದ ಮಳೆಯ ಹಾಗೆ. ಆ ಐದು ದಿನ ಹೊರಗೆ ನಿಂತವರಿಗೂ ಹೆಂಡತಿ ಮಕ್ಕಳಿದ್ದರು. ಅವರ ಮನೆಯ ಡಬ್ಬಗಳ ಗತಿ ಏನಾಯಿತೆಂದು ನಮ್ಮ ಗೆಳೆಯರು ಒಮ್ಮೆಯಾದರೂ ಯೋಚಿಸಿದ್ದಾರೆಯೆ? ಜುಲೈ ತಿಂಗಳ ಏರಿಕೆ ಕೈಸೇರಿದ ದಿನವಾದರೂ?

ಇಷ್ಟು ಹೇಳಿ ನಿಲ್ಲಿಸಿದರೆ ನಾನು ದೊಡ್ಡ ಶೂರನೆಂದು ಓದುಗರು ತಿಳಿದಾರು. ಹಾಗಲ್ಲ. ಈ ವಿಷಯದಲ್ಲಿ ಬರೆಯಲು ನನಗಿರುವ ಅಧಿಕಾರ ಬೇರೆಯದು. ಅಕ್ಕಿಯ ಡಬ್ಬದ ನೆವ ಹೇಳಿ ಮುಷ್ಕರದಿಂದ ಒಳಗೆ ಹೋದವನು ನಾನು.

1984ರಲ್ಲಿ ನಾನು ಬೆಂಗಳೂರಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಸಂಬಳದ ಗುಮಾಸ್ತನಾಗಿದ್ದೆ. ಅದರ ಹೆಸರು ಬೇಡ. ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಆ ಜಾಗದಲ್ಲಿ ಈಗ ಮದುವೆಯ ಛತ್ರವಿದೆ. ಕಛೇರಿಯ ಹದಿನಾಲ್ಕು ಜನ ಸೇರಿ ನಾವು ಒಟ್ಟು 240 ಜನ. ತುಟ್ಟಿಭತ್ಯೆಯೆಂದು ತಿಂಗಳಿಗಿಷ್ಟು ಎಂದು ಒಂದು ಗಂಟು ಕೊಡುತ್ತಿದ್ದರು; ಬೆಲೆ ಏರಿದರೂ ಆ ಗಂಟು ಏರುತ್ತಿರಲಿಲ್ಲ. ಬೋನಸ್ಸಿನ ಮಾತು ಬಂದರೆ 8.33ರಷ್ಟು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಈ 8.33 ಎಂಬುದು ದಯೆಯಲ್ಲ, ಕಾನೂನು; ಹನ್ನೆರಡರಲ್ಲೊಂದು ಪಾಲು, ಎಂದರೆ ವರ್ಷಕ್ಕೊಂದು ತಿಂಗಳ ಸಂಬಳ. 1965ರ ಕಾಯಿದೆ ಹುಟ್ಟಿದಾಗ ಕನಿಷ್ಠ ಬೋನಸ್ಸು 4ರಷ್ಟಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ 8.33 ಆಯಿತು, ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರಲ್ಲಿ, ಅದನ್ನು ಕಿತ್ತುಕೊಂಡರು, 1977ರಲ್ಲಿ ಮತ್ತೆ ಬಂತು. ಏರಿದ್ದೂ ಇಳಿದದ್ದೂ ತಾನಾಗಿ ಅಲ್ಲ.

ದೀಪಾವಳಿ ಹತ್ತಿರ ಬಂದಾಗ ಸಂಘದ ಸಭೆ ಸೇರಿತು. ಮುಷ್ಕರಕ್ಕೆ ಒಪ್ಪುವವರು ಕೈ ಎತ್ತಿ ಎಂದರು. ನಾನು ಎತ್ತಿದೆ. ಎಲ್ಲರಿಗಿಂತ ಮೊದಲು ಎತ್ತಿದವರಲ್ಲಿ ನಾನೊಬ್ಬ. ಮುಷ್ಕರದ ನೋಟೀಸನ್ನು ಬೆರಳಚ್ಚು ಮಾಡಿದವನೂ ನಾನೇ. ಹತ್ತು ಜನಕ್ಕೆ ಕಡಮೆಯಿಲ್ಲದೆ ಒಟ್ಟಾಗಿ, ಕರಾರಿನಂತೆ ಕೊಡಬೇಕಾದ ಮುನ್ಸೂಚನೆಯಿಲ್ಲದೆ, ತಕ್ಕ ಕಾರಣವೂ ಇಲ್ಲದೆ ಗೈರುಹಾಜರಾದರೆ, ಕೆಲಸ ಮಾಡದ ದಿನಗಳ ಸಂಬಳದ ಮೇಲೆ ಇನ್ನೂ ಎಂಟು ದಿನಗಳವರೆಗಿನ ಸಂಬಳವನ್ನು ಮುರಿದುಕೊಳ್ಳಲು 1936ರ ವೇತನ ಪಾವತಿ ಕಾಯಿದೆಯಲ್ಲಿ ಅವಕಾಶವಿತ್ತು. ನಮ್ಮ ಮುಖಂಡರಿಗೆ ಅದು ಗೊತ್ತಿರಲಿಲ್ಲ. ಸಂಬಳದ ಗುಮಾಸ್ತನಿಗೆ ಗೊತ್ತಿತ್ತು. ಆ ಎಂಟು ದಿನವನ್ನು ಉಳಿಸಿಕೊಟ್ಟೆನೆಂಬ ಹೆಮ್ಮೆ ನನಗೆ ಬಹಳವಿತ್ತು.

ನನ್ನ ಮನೆಯ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಸಂಬಳ 710 ರೂಪಾಯಿ. ಬಾಡಿಗೆ 180. ತಂಗಿಯ ಮದುವೆಗೆಂದು ಹಾಕಿದ ಚೀಟಿಗೆ ತಿಂಗಳಿಗೆ 100. ತಾಯಿಗೆ ಉಬ್ಬಸ, ಚಳಿಗಾಲ ಬಂತೆಂದರೆ ಔಷಧದ ಅಂಗಡಿಯವನೇ ನೆಂಟ. ಮಕ್ಕಳಿಬ್ಬರು. ಶೆಟ್ಟರ ಅಂಗಡಿಯಲ್ಲಿ 212 ರೂಪಾಯಿ ಬಾಕಿ. ಮುಷ್ಕರ ಆರಂಭವಾದ ಬೆಳಗ್ಗೆ ಮನೆಯಲ್ಲಿದ್ದದ್ದು 31 ರೂಪಾಯಿ.

ದುಡಿಯುವವನ ಕನಿಷ್ಠ ಸಂಬಳ ಎಷ್ಟಿರಬೇಕೆಂದು ನಮ್ಮ ದೇಶದಲ್ಲಿ ಒಮ್ಮೆ ಶ್ರದ್ಧೆಯಿಂದ ಲೆಕ್ಕ ಹಾಕಿದ್ದುಂಟು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಒಪ್ಪಿದ ಲೆಕ್ಕ ಅದು. ಒಬ್ಬ ದುಡಿಯುವವನ ಹಿಂದೆ ಮೂರು ಉಣ್ಣುವ ಪಾಲು, ಪಾಲಿಗೆ 2700 ಕ್ಯಾಲೊರಿ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ, ಇತರೆ ಎಂದು ಒಟ್ಟು ಸಂಬಳದ ಐದರಲ್ಲೊಂದು ಭಾಗ. ಮೂರು ಪಾಲು ಹೇಗೆಂದರೆ, ಗಂಡಸು ಒಂದು, ಹೆಂಡತಿ 0.8, ಮಕ್ಕಳಿಬ್ಬರು ತಲಾ 0.6. ಕೂಡಿದರೆ ಸರಿಯಾಗಿ ಮೂರು. ಆ ಲೆಕ್ಕದಲ್ಲಿ ನನ್ನ ತಾಯಿಯೂ ಇಲ್ಲ, ತಂಗಿಯೂ ಇಲ್ಲ, ಉಬ್ಬಸವಂತೂ ಇಲ್ಲವೇ ಇಲ್ಲ. ಔಷಧ, ಓದು, ಹಬ್ಬ, ಮದುವೆ, ಮುಪ್ಪು ಇವಕ್ಕೆಂದು ಇನ್ನೂ ಕಾಲು ಭಾಗ ಸೇರಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1991ರಲ್ಲಿ. ಅಷ್ಟು ಹೊತ್ತಿಗೆ ನನ್ನ ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಹೆಂಡತಿಯನ್ನು 0.8 ಎಂದು ಎಣಿಸಿದ ಮಹನೀಯರು ಅಡಿಗೆಮನೆಗೆ ಎಂದಾದರೂ ಕಾಲಿಟ್ಟಿದ್ದರೋ ಇಲ್ಲವೋ ತಿಳಿಯದು. ಮುಷ್ಕರದ ದಿನಗಳಲ್ಲಿ ಆಕೆಯ ಪಾಲು 0.8 ಕೂಡ ಅಲ್ಲ. ಎಲ್ಲರೂ ಉಂಡ ಮೇಲೆ ತಳ ಕೆರೆದು ಬಂದಷ್ಟು.

ಆರು ದಿನ ಹೊರಗಿದ್ದೆ. ಏಳನೆಯ ದಿನ ಸಂಬಳದ ದಿನ. ಹಿಂದಿನ ಸಂಜೆ ಆಡಳಿತವರ್ಗದಿಂದ ಒಬ್ಬರು ಮನೆಯ ತನಕ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಕಛೇರಿಯವರು ಕಾರ್ಮಿಕರಲ್ಲವಲ್ಲಪ್ಪ. ನಾಳೆ ಬಂದು ರುಜು ಹಾಕಿ. ಈ ಆರು ದಿನವನ್ನು ರಜೆಯೆಂದು ಬರೆದುಕೊಂಡರಾಯಿತು." ರಾತ್ರಿಯೆಲ್ಲ ನಿದ್ದೆಯಿಲ್ಲ. ಪಕ್ಕದ ಕೋಣೆಯಲ್ಲಿ ತಾಯಿಯ ಉಸಿರು ಕೊಳಲಿನ ಹಾಗೆ ಸಿಳ್ಳಿಡುತ್ತಿತ್ತು. 1980ರ ಡಿಸೆಂಬರ್ 26ರಂದು ಆರಂಭವಾದ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ದೊಡ್ಡ ಮುಷ್ಕರ ನೆನಪಾಯಿತು. ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ. ಎಲ್ಲ ನಿಂತು 77 ದಿನ ನಡೆದ ಮುಷ್ಕರ ಅದು. ನಮ್ಮ ಬೀದಿಯಲ್ಲೇ ಅಂಥ ಮನೆಗಳು ನಾಲ್ಕಿದ್ದವು. ಹೆಂಗಸರ ಕೊರಳಿನ ಎರಡೆಳೆ ಸರ ಅರಿಸಿನದ ದಾರವಾದದ್ದನ್ನು ಕಣ್ಣಾರೆ ಕಂಡಿದ್ದೆ. ನಸುಕಿನಲ್ಲಿ ಎದ್ದು, ಅಂಗಿ ತೊಟ್ಟು ಹೊರಟೆ.

ಗೇಟಿನ ಬಳಿ ನಮ್ಮವರು ನಿಂತಿದ್ದರು. ಯಾರೂ ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಲೇತಿನ ವಿಭಾಗದ ಒಬ್ಬ ಹಿರಿಯ, ನನಗಿಂತ ಇಪ್ಪತ್ತು ವರ್ಷ ದೊಡ್ಡವನು, "ಏನು ಸ್ವಾಮಿ, ಹೊರಟೇಬಿಟ್ಟಿರಾ?" ಎಂದು ಕೇಳಿದ. ಅಷ್ಟು ಕೇಳಿದ್ದಕ್ಕೆ ನಾನು ಸುಮ್ಮನೆ ತಲೆ ತಗ್ಗಿಸಿ ಹೋಗಿದ್ದರೆ ಆಗುತ್ತಿತ್ತು. ಹಾಗೆ ಹೋಗಲಿಲ್ಲ. "ಏನು ಮಾಡಲಿ, ಮನೆಯಲ್ಲಿ ಕೇಳುವುದಿಲ್ಲ. ಹೆಂಡತಿ ಹಠ ಹಿಡಿದು ಕೂತಿದ್ದಾಳೆ" ಎಂದೆ.

ಆಕೆ ಹಠ ಹಿಡಿದಿರಲಿಲ್ಲ. ಒಂದು ಮಾತನ್ನೂ ಆಡಿರಲಿಲ್ಲ. ನಾನು ಆಕೆಯನ್ನು ಕೇಳಿರಲೂ ಇಲ್ಲ.

ಮೂರು ದಿನದ ಮೇಲೆ ಸೀಮೆಎಣ್ಣೆಯ ಸಾಲಿನಲ್ಲಿ ಆ ಲೇತಿನವನ ಹೆಂಡತಿ ಆಕೆಗೆ ಸಿಕ್ಕಳು. ಮಾತು ಹೊರಬಿತ್ತು. ಅಂದು ರಾತ್ರಿ ಊಟ ಬಡಿಸಿ, ಎಲೆಯಡಿಕೆಯ ತಟ್ಟೆಯನ್ನು ಮುಂದಿಟ್ಟು, ಮಕ್ಕಳು ಮಲಗಿದ್ದನ್ನು ಖಚಿತಮಾಡಿಕೊಂಡು ಆಕೆ ಹೇಳಿದಳು: "ಭಯವಾಯಿತು ಎಂದು ಹೇಳಬಹುದಾಗಿತ್ತಲ್ಲ. ನನ್ನ ಹೆಸರು ಯಾಕೆ ಹೇಳಿದಿರಿ?"

ನಲವತ್ತು ವರ್ಷಕ್ಕೆ ಮೇಲಾಯಿತು. ಇದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. 'ಹೆಂಡತಿ ಮಕ್ಕಳಿರುವವರು' ಎಂದು ಯಾರಾದರೂ ಆರಂಭಿಸಿದರೆ ನನಗೆ ಮೈ ಉರಿಯುವುದು ಇದರಿಂದಲೇ. ಸಂಸಾರದ ಹೆಸರಿನಲ್ಲಿ ಮಾತಾಡುವ ಗಂಡಸರಲ್ಲಿ ಎಷ್ಟು ಮಂದಿ ಸಂಸಾರವನ್ನು ಕೇಳಿ ಮಾತಾಡುತ್ತಾರೆ? ಮುಷ್ಕರಕ್ಕೆ ಕೈ ಎತ್ತುವಾಗಲೂ ಕೇಳುವುದಿಲ್ಲ, ಕೈ ಇಳಿಸುವಾಗಲೂ ಕೇಳುವುದಿಲ್ಲ. ಎತ್ತಿದರೆ ಶೌರ್ಯ ನಮ್ಮದು. ಇಳಿಸಿದರೆ ಹೇಡಿತನ ಆಕೆಯದು! 2021ರ ಏಪ್ರಿಲ್‌ನಲ್ಲಿ ಇದೇ ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಸಂಬಳ ಕೇಳಿ ಹದಿನೈದು ದಿನ ಬಸ್ಸು ನಿಲ್ಲಿಸಿದ್ದರು. ಯುಗಾದಿ ಅದರ ನಡುವೆಯೇ ಬಂತು. ಆಗ ತಟ್ಟೆ ಲೋಟ ಬಡಿಯುತ್ತ ಬೀದಿಗೆ ಬಂದ ಹೆಂಗಸರನ್ನು ಎಲ್ಲರೂ ದೂರದರ್ಶನದಲ್ಲಿ ಕಂಡೆವು. ನಮ್ಮ ಬೆಂಚಿನವರು ಅದಕ್ಕೂ "ಪಾಪ, ಹೆಂಗಸರನ್ನು ಎಳೆದು ತಂದಿದ್ದಾರೆ" ಎಂದು ತೀರ್ಪಿತ್ತರು. ಆಕೆ ಮನೆಯಲ್ಲಿದ್ದರೆ ಗಂಡನಿಗೆ ನೆವ, ಬೀದಿಗೆ ಬಂದರೆ ಯಾರೋ ಎಳೆತಂದವಳು. ತಾನಾಗಿ ಬಂದಳೆಂದು ಮಾತ್ರ ಯಾರೂ ಒಪ್ಪಲಾರರು.

ಇನ್ನು ಇನ್ನೊಂದು ಪಕ್ಷದ ಮೇಲಿನ ನನ್ನ ದೂರು. ಸಂಘದ ಮುಖಂಡರು ಇದನ್ನು ಓದಿದರೆ ಕೋಪಿಸಿಕೊಳ್ಳುತ್ತಾರೆ, ಕೋಪಿಸಿಕೊಳ್ಳಲಿ.

ನಮ್ಮ ಮುಷ್ಕರದ ಮೊದಲ ದಿನ ಸಂಘದ ಪೆಟ್ಟಿಗೆಯಲ್ಲಿದ್ದದ್ದು 3,100 ರೂಪಾಯಿ. ತಲೆಗೆ ಹದಿಮೂರು ರೂಪಾಯಿ ತುಂಬದು; ಒಬ್ಬ ಕಾರ್ಮಿಕನ ದಿನಗೂಲಿ 24 ಇದ್ದ ಕಾಲದಲ್ಲಿ ಅರ್ಧ ದಿನದ ಮೇಲೊಂದು ಚೂರು. ಅದರಲ್ಲಿಯೇ ವಕೀಲರ ಫೀಜು, ಶಾಮಿಯಾನ, ಧ್ವನಿವರ್ಧಕ. 'ಕೊನೆಯ ಉಸಿರಿರುವ ತನಕ' ಎಂದು ಭಾಷಣ ಮಾಡಿದರು. ಉಸಿರಿನ ಮಾತು ಇರಲಿ, ಒಲೆಯ ಉರಿ ಎಷ್ಟು ದಿನ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಲೆಕ್ಕ ಹಾಕಬಲ್ಲ ಗುಮಾಸ್ತ ನಾನೊಬ್ಬ ಅಲ್ಲಿಯೇ ಇದ್ದೆ. ನನ್ನನ್ನು ಕೇಳಿದ್ದು ನೋಟೀಸಿನ ವ್ಯಾಕರಣವನ್ನು ಮಾತ್ರ. ಯಾರ ಮನೆಯಲ್ಲಿ ಮುದುಕಿಗೆ ಉಬ್ಬಸ, ಯಾರ ಹೆಂಡತಿ ಬಸುರಿ, ಯಾರಿಗೆ ಊರಿನಲ್ಲಿ ಎರಡೆಕರೆ ರಾಗಿಯ ಹೊಲವಿದೆ, ಯಾರಿಗೆ ಏನೂ ಇಲ್ಲ ಎಂದು ಒಂದು ಪಟ್ಟಿ ಮಾಡಿದ್ದರೆ ಸಾಕಿತ್ತು. ಎಲ್ಲರಿಗೂ ಹಸಿವು ಒಂದೇ ದಿನ ಬರುವುದಿಲ್ಲ. ಹೊಲವಿದ್ದವನಿಗೆ ಎರಡು ತಿಂಗಳಿಗೆ ಬರುತ್ತದೆ, ನನ್ನಂಥವನಿಗೆ ಏಳನೆಯ ದಿನ ಬರುತ್ತದೆ. ಮೊದಲು ಹಸಿಯುವವನು ಯಾರೆಂದು ಆಡಳಿತವರ್ಗಕ್ಕೆ ಗೊತ್ತಿತ್ತು. ಅವರು ನೇರವಾಗಿ ಅವನ ಬಾಗಿಲಿಗೇ ಬಂದರು. ಸಂಘಕ್ಕೆ ಗೊತ್ತಿರಲಿಲ್ಲ.

ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ 1982ರ ಜನವರಿ 18ರಂದು ಆರಂಭವಾಯಿತು. ಎರಡೂವರೆ ಲಕ್ಷ ಜನ, ವರ್ಷಕ್ಕೂ ಮೀರಿ. ಅದನ್ನು ಹಿಂತೆಗೆದುಕೊಂಡೆವೆಂದು ಯಾರೂ ವಿಧಿವತ್ತಾಗಿ ಸಾರಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಷ್ಟು ದೀರ್ಘಕಾಲ ಅದು ನಿಂತದ್ದು ಯಾವ ನಿಧಿಯಿಂದ? ಬಹುಮಟ್ಟಿಗೆ ಕೊಂಕಣದ, ಘಟ್ಟದ ಹಳ್ಳಿಗಳ ಭತ್ತ ಜೋಳದಿಂದ. ಗಿರಣಿಯವರು ಊರಿಗೆ ಹೋಗಿ ಅಣ್ಣತಮ್ಮಂದಿರ ಹಂಗಿನ ಅನ್ನ ಉಂಡರು. ಹಳ್ಳಿಯಿಲ್ಲದವನು ಮೊದಲು ಸೋತ. 1974ರ ಮೇ ತಿಂಗಳ ರೈಲ್ವೆ ಮುಷ್ಕರವನ್ನು ನಡೆಸಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಇಪ್ಪತ್ತು ದಿನ ನಡೆಯಿತು. ಅಲ್ಲಿ ಸರ್ಕಾರ ಮೊದಲು ಕೈಹಾಕಿದವುಗಳಲ್ಲಿ ರೈಲ್ವೆ ವಸತಿಗೃಹಗಳೂ ಇದ್ದವು. ಸಂಸಾರಗಳನ್ನು ಸಾಮಾನು ಸಮೇತ ಹೊರಗೆ ಹಾಕಿದರು. ಎದುರಾಳಿಗೆ ಯಾವಾಗಲೂ ಸರಿಯಾದ ವಿಳಾಸ ಗೊತ್ತಿರುತ್ತದೆ, ಅದು ಅಡಿಗೆಮನೆಯ ವಿಳಾಸ.

ನಮ್ಮ ನಾಡಿನಲ್ಲಿ ಮುಷ್ಕರದ ನಿಧಿ ಎಂಬುದು ನಿಜವಾಗಿ ಇದ್ದದ್ದು ಮೂರು ಕಡೆ: ಶೆಟ್ಟರ ಅಂಗಡಿಯ ಸಾಲದ ಪುಸ್ತಕದಲ್ಲಿ, ಹೆಂಡತಿಯ ಕೊರಳಿನಲ್ಲಿ, ಊರಿನ ಕಣಜದಲ್ಲಿ. ಈ ಮೂರರಲ್ಲಿ ಯಾವುದಕ್ಕೂ ಸಂಘ ಒಂದು ರಸೀದಿಯನ್ನೂ ಕೊಟ್ಟಿಲ್ಲ. ನಮ್ಮ ಶೆಟ್ಟರಿಗೆ ಕಾರ್ಮಿಕರ ಮೇಲೆ ಪ್ರೀತಿಯೇನೂ ಇರಲಿಲ್ಲ. ಬಾವುಟ ಕಂಡರೆ ಗೊಣಗುವ ಜಾತಿ. ಆದರೂ ಮುಷ್ಕರದ ಮನೆಯ ಹುಡುಗ ಚೀಲ ಹಿಡಿದು ಬಂದರೆ ಅವನ ಮುಖ ನೋಡಿ ಅಳೆದು ಹಾಕುತ್ತಿದ್ದರು, ಬೇಳೆಯಲ್ಲಿ ಸ್ವಲ್ಪ ಬಿಗಿ, ಅಕ್ಕಿಯಲ್ಲಿ ಸಡಿಲ. ಇಂದು ಆ ಅಂಗಡಿಯೂ ಇಲ್ಲ. ಮನೆಸಾಲ, ಗಾಡಿಸಾಲ, ಫೋನಿನ ಕಂತು ಎಲ್ಲವೂ ತಿಂಗಳ ಐದನೆಯ ತಾರೀಖು ಬ್ಯಾಂಕಿನಿಂದ ತಾನಾಗಿಯೇ ಕಡಿದುಹೋಗುತ್ತದೆ. ಶೆಟ್ಟರ ಕೈಕಾಲು ಹಿಡಿಯಬಹುದಾಗಿತ್ತು. ಯಂತ್ರದ ಕೈಯೆಲ್ಲಿ, ಕಾಲೆಲ್ಲಿ? ಇಂದಿನ ಹುಡುಗ ಮುಷ್ಕರಕ್ಕೆ ಹಿಂಜರಿದರೆ 'ಈ ಕಾಲದವರಿಗೆ ಕೆಚ್ಚಿಲ್ಲ' ಎನ್ನುವ ಹಳೆಯ ಮುಖಂಡರಿಗೆ ನಾನು ಹೇಳುವುದಿಷ್ಟೆ: ನಿಮ್ಮ ಕೆಚ್ಚಿನ ಹಿಂದೆ ಒಬ್ಬ ಶೆಟ್ಟಿ ಇದ್ದ, ಸ್ವಾಮಿ.

ಕಾನೂನೂ ಬಿಗಿಯಾಗುತ್ತಲೇ ಬಂದಿದೆ. ನಾಲ್ಕು ಗಂಟೆ ಮುಷ್ಕರ ಮಾಡಿದ ಬ್ಯಾಂಕ್ ನೌಕರರ ಇಡೀ ದಿನದ ಸಂಬಳ ಮುರಿದದ್ದನ್ನು ಸುಪ್ರೀಂ ಕೋರ್ಟು 1990ರಲ್ಲಿ ಎತ್ತಿಹಿಡಿಯಿತು. ಮುಷ್ಕರದ ದಿನದ ಸಂಬಳ ಬೇಕಾದರೆ ಆ ಮುಷ್ಕರ ಕಾನೂನುಬದ್ಧವೂ ಆಗಿರಬೇಕು, ನ್ಯಾಯಸಮ್ಮತವೂ ಆಗಿರಬೇಕು ಎಂದು 1994ರಲ್ಲಿ ಹೇಳಿತು. ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಎಂದದ್ದು 2003ರಲ್ಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಂತೆ ಯಾವ ಕಾರ್ಖಾನೆಯಲ್ಲಾದರೂ ಹದಿನಾಲ್ಕು ದಿನದ ಮುನ್ಸೂಚನೆ ಬೇಕು. ಅರ್ಧದಷ್ಟು ಜನ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಹದಿನಾಲ್ಕು ದಿನ ಬಹಳವೆಂದು ಸಂಘದವರು ಗೋಳಾಡುತ್ತಾರೆ. ಗೋಳಾಟ ನ್ಯಾಯವೇ. ಆದರೆ ನಾನು ಕೇಳುವುದು ಬೇರೆ: ಆ ಹದಿನಾಲ್ಕು ದಿನ ನೀವು ಏನು ಮಾಡುತ್ತೀರಿ? ಗೋಡೆಗೆ ಭಿತ್ತಿಪತ್ರ ಅಂಟಿಸುತ್ತೀರೋ, ಮನೆಮನೆಗೆ ಹೋಗಿ ಡಬ್ಬದ ಮುಚ್ಚಳ ತೆಗೆದು ನೋಡುತ್ತೀರೋ?

ಅಂತೂ ನಮ್ಮ ಮುಷ್ಕರ 41 ದಿನಕ್ಕೆ ಮುಗಿಯಿತು. ಬೋನಸ್ಸಿನ ಬೇಡಿಕೆ ಬಿದ್ದುಹೋಯಿತು. ತುಟ್ಟಿಭತ್ಯೆಯಲ್ಲಿ ಗೆದ್ದರು, ಎಲ್ಲರಿಗೂ ತಿಂಗಳಿಗೆ 45 ರೂಪಾಯಿ ಹೆಚ್ಚಾಯಿತು, ಮುಂದೆ ಬೆಲೆಯ ಜೊತೆ ಏರುವಂತೆಯೂ ಆಯಿತು. ಆಮೇಲಿನ ಲೆಕ್ಕವೆಲ್ಲ ನನ್ನ ಕೈಯಿಂದಲೇ ಆದದ್ದು. ಭಾನುವಾರ ಕಳೆದು 35 ದಿನ; ದಿನಕ್ಕೆ 24ರಂತೆ 840 ರೂಪಾಯಿ ಪ್ರತಿಯೊಬ್ಬ ಕಾರ್ಮಿಕನಿಗೆ ನಷ್ಟ. 45ರಂತೆ ಅದು ತುಂಬಿಬರಬೇಕಾದರೆ ಹತ್ತೊಂಬತ್ತನೆಯ ತಿಂಗಳಾಗಬೇಕು, ಗಿರವಿಯ ಬಡ್ಡಿ ಬೇರೆ. ಕಲ್ಲುಬೆಂಚಿನವರಿಗೆ ಈ ಲೆಕ್ಕ ಬಹಳ ಇಷ್ಟ: 'ನೋಡಿ, ಏನು ಬಂತು?' ಎನ್ನುತ್ತಾರೆ. ಹತ್ತೊಂಬತ್ತು ತಿಂಗಳ ಆಚೆಗೂ ಕಾರ್ಮಿಕ ಬದುಕಿರುತ್ತಾನೆಂಬುದು ಅವರ ಗಣಿತದಲ್ಲಿಲ್ಲ. ನಮ್ಮ ಕಾರ್ಖಾನೆ ಆಮೇಲೂ ಹದಿನೇಳು ವರ್ಷ ನಡೆಯಿತು.

ಆದರೆ ನನ್ನ ಲೆಕ್ಕ? ನನಗೆ ನಷ್ಟ ಸೊನ್ನೆ. ಏರಿಕೆ 45. ಮೊದಲನೆಯ ತಿಂಗಳಿನಿಂದಲೇ ಲಾಭ. ಮುಷ್ಕರ ಮಾಡಿದವರಿಗಿಂತ ಮುಷ್ಕರ ಮುರಿದವನಿಗೆ ಹೆಚ್ಚು ಸಿಕ್ಕಿತು. ಕಾಸು ಕಾಸಿಗೂ ಲೆಕ್ಕ ಹಾಕಿ ನಾನೇ ಬಟವಾಡೆ ಮಾಡಿದೆ. ಆ ತಿಂಗಳ ಸಂಬಳದ ದಿನ ಲೇತಿನ ಹಿರಿಯ ಕಿಟಕಿಯ ಮುಂದೆ ಬಂದ. ಕವರಿನಲ್ಲಿ ಇದ್ದದ್ದು ಬಹಳ ಕಡಮೆ. ಎರಡು ಸಲ ಎಣಿಸಿ, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, "ನಿಮ್ಮದೂ ಎಣಿಸಿಕೊಂಡಿರಾ ಸ್ವಾಮಿ?" ಎಂದ. ಕುಹಕವಿರಲಿಲ್ಲ. ಅಷ್ಟು ವರ್ಷ ಪ್ರತಿ ತಿಂಗಳೂ ಕೇಳುತ್ತಿದ್ದ ಮಾತೇ ಅದು.

ಹಾಗಾದರೆ ಡಬ್ಬ ಬರಿದಾದವನು ಏನು ಮಾಡಬೇಕು, ಹೋಗಬೇಕೆ ಬೇಡವೆ ಎಂದು ಕೇಳುವಿರಿ. ಹೋಗಬೇಕು ಎಂದೇ ಹೇಳುತ್ತೇನೆ. ಒಳಗೆ ಹೋಗಿ ಬಂದವನು ಹೇಳುತ್ತಿದ್ದೇನೆ. ಬೆಲೆ ಏರುವುದು ಹೊರಗೆ ನಿಂತವರಿಗೆ ಮಾತ್ರವಲ್ಲ. ಏರಿಕೆ ಸಿಗುವುದೂ ಹೊರಗೆ ನಿಂತವರಿಗೆ ಮಾತ್ರವಲ್ಲ. ಇನ್ನೊಬ್ಬನ ಹಸಿವಿನಿಂದ ಬಂದ 45 ರೂಪಾಯಿಯನ್ನು ತಿಂಗಳು ತಿಂಗಳೂ ಎಣಿಸಿಕೊಳ್ಳುವುದು ಎಷ್ಟು ಭಾರವೆಂದು ಎಣಿಸಿಕೊಂಡವನಿಗೇ ಗೊತ್ತು. ಆದರೆ ನಾನು ಹೇಳಿದೆನೆಂದು ಕೈ ಎತ್ತುವ ಮೊದಲು ಮೂರು ಕಡೆ ಕೇಳಿ ಬರಬೇಕು. ಮನೆಯಲ್ಲಿ ಕೇಳಬೇಕು, ಹೇಳುವುದಲ್ಲ, ಕೇಳುವುದು. ಸಂಘದಲ್ಲಿ ಕೇಳಬೇಕು, ಪೆಟ್ಟಿಗೆಯಲ್ಲಿ ಎಷ್ಟಿದೆ, ಮೊದಲು ಹಸಿಯುವವರಿಗೆ ಏನು ಏರ್ಪಾಡು ಎಂದು. 'ಆಮೇಲೆ ನೋಡೋಣ' ಎಂಬ ಉತ್ತರ ಬಂದರೆ ಅಲ್ಲಿಯೇ, ಆ ಸಭೆಯಲ್ಲಿಯೇ, ಜಗಳವಾಡಬೇಕು. ಏಳನೆಯ ದಿನ ಗೇಟಿನಲ್ಲಿ ಅಲ್ಲ. ಕೊನೆಗೆ ತನ್ನನ್ನು ಕೇಳಿಕೊಳ್ಳಬೇಕು. ಇಷ್ಟೆಲ್ಲ ಆದಮೇಲೂ ಒಬ್ಬನಿಗೆ ಸಾಧ್ಯವಿಲ್ಲವೆಂದಾದರೆ ಅವನನ್ನು ದ್ರೋಹಿ ಎನ್ನಲು ನನಗೆ ಬಾಯಿ ಬರದು; ಆದರೆ ಭಯವಾಯಿತು ಎಂದು ಅವನು ತನ್ನ ಹೆಸರಿನಲ್ಲಿ ಹೇಳಿ ಒಳಗೆ ಹೋಗಲಿ.

ಇದೆಲ್ಲ ಮುಗಿದು ಆರೇಳು ವರ್ಷವಾದ ಮೇಲೆ ನನಗೆ ಇನ್ನೊಂದು ಸಂಗತಿ ತಿಳಿಯಿತು. ನಾನು ಒಳಗೆ ಹೋದ ಮೇಲೆ, ಮುಷ್ಕರ ಮುಗಿಯುವ ತನಕ, ನನ್ನ ಮನೆಯಾಕೆ ಪ್ರತಿ ಶುಕ್ರವಾರ ದೇವಸ್ಥಾನಕ್ಕೆ ಹೋಗುತ್ತೇನೆಂದು ಹೊರಟು, ಸೆರಗಿನ ಮರೆಯಲ್ಲಿ ಎರಡು ಸೇರು ಅಕ್ಕಿ ಕಟ್ಟಿಕೊಂಡು ಲೇತಿನವನ ಮನೆಗೆ ಕೊಟ್ಟು ಬರುತ್ತಿದ್ದಳಂತೆ. ನನಗೆ ಸಿಕ್ಕ ಸಂಬಳದ ಅಕ್ಕಿಯೇ. ಹೇಳಿದವಳು ಆಕೆಯಲ್ಲ, ಲೇತಿನವನ ಹೆಂಡತಿ, ಮಗಳ ಮದುವೆಗೆ ಕರೆಯಲು ಬಂದಾಗ. ಆ ಐದು ವಾರ ನಮ್ಮ ಮನೆಯಲ್ಲಿ ರಾತ್ರಿ ಅನ್ನದ ಬದಲು ಗಂಜಿ ಇರುತ್ತಿದ್ದದ್ದೇಕೆಂದು ಆಗ ತಿಳಿಯಿತು.

ಈ ಲೇಖನವನ್ನು ಪತ್ರಿಕೆಗೆ ಕಳಿಸುವ ಮೊದಲು ಆಕೆಗೆ ಓದಿ ಹೇಳಿದೆ. ಈ ಸಲ ಕೇಳಿಯೇ ಕಳಿಸಬೇಕಲ್ಲವೆ? ಕನ್ನಡಕ ಒರೆಸಿಕೊಳ್ಳುತ್ತ ಕೊನೆಯ ತನಕ ಕೇಳಿದಳು. "ಎರಡು ಸೇರಲ್ಲ, ಮೂರು" ಎಂದಳು. "ಗಂಜಿಯಲ್ಲಿ ನಿಮ್ಮ ಪಾಲು ಗಟ್ಟಿಯಾಗಿಯೇ ಇರುತ್ತಿತ್ತು. ಅದನ್ನೂ ಬರೆಯಿರಿ."